ಉಳಿದದ್ದು ಇಟಲಿಯಲ್ಲಿದ್ದಂತೆ

ನಿಯಮಗಳ ಹಾಳೆಯ ಕೊನೆಯ ಸಾಲು ಇದು: "ಉಳಿದದ್ದು ಇಟಲಿಯಲ್ಲಿದ್ದಂತೆ."

ಬರೆದವರು ಚಿತ್ತವಾಡ್ಗಿಯ ನಿವೃತ್ತ ದೈಹಿಕ ಶಿಕ್ಷಕರು. ಊರಿಗೆಲ್ಲ ಅವರು ಪೀಟಿ ಮೇಷ್ಟ್ರು. ಹೊಸಪೇಟೆ, ಸಂಡೂರು, ಕಂಪ್ಲಿ, ಕುರೆಕುಪ್ಪದ ಫುಟ್‌ಬಾಲ್ ತಂಡಗಳಿಗೆ ಆ ಹಾಳೆ ಹಂಚಿದಾಗ ಕೊನೆಯ ಸಾಲನ್ನು ಯಾರೂ ಗಮನಿಸಲಿಲ್ಲ. ಲಗ್ನಪತ್ರಿಕೆಯ ಕೆಳಗಿನ 'ಸುಖಾಗಮನ ಬಯಸುವವರು' ಎಂಬ ಸಾಲನ್ನು ದಾಟಿ ಹೋಗುವಂತೆ ಎಲ್ಲರೂ ದಾಟಿ ಹೋದರು. ನಾನೂ ದಾಟಿದೆ. ಆ ಸಾಲೇ ಮುಂದೆ ನನ್ನ ಮೇಜಿಗೆ ಬಂದು ಕೂರುತ್ತದೆ ಎಂದು ಆಗ ಅನ್ನಿಸಿರಲಿಲ್ಲ.

ನಾನಾಗ ಹೊಸಪೇಟೆಯಲ್ಲಿ ಒಂದು ದಿನಪತ್ರಿಕೆಯ ಉಪಸಂಪಾದಕ. ತೋರಣಗಲ್ಲಿನ ಕಡೆಯ ಉಕ್ಕಿನ ಕಾರ್ಖಾನೆಯೊಂದಕ್ಕೆ ಹೊಸ ಯಂತ್ರ ಕೂರಿಸಲು ಇಟಲಿಯಿಂದ ಒಬ್ಬ ಎಂಜಿನಿಯರ್ ಬಂದಿದ್ದರು. ಬೊಲೋನ್ಯ ಊರಿನವರು. ಸಂಜೆ ಪಾಳಿ ಮುಗಿದ ಮೇಲೆ ಕುರೆಕುಪ್ಪದ ಬಯಲಿನಲ್ಲಿ ಕಾರ್ಮಿಕರ ಜೊತೆ ಚೆಂಡು ಒದೆಯುತ್ತಿದ್ದರು. ಅಲ್ಲಿ ಅವರಿಗೆ ಪೀಟಿ ಮೇಷ್ಟ್ರು ಸಿಕ್ಕರು. ಇಬ್ಬರಿಗೂ ಅರ್ಧಂಬರ್ಧ ಇಂಗ್ಲಿಷ್, ಪೂರ್ತಿ ಫುಟ್‌ಬಾಲ್. ನಾಲ್ಕು ಊರುಗಳ ನಡುವೆ ಇಟಲಿಯ ಮಾದರಿಯಲ್ಲೇ ಒಂದು ಲೀಗ್ ನಡೆಸುವುದೆಂದು ಅವರೇ ತೀರ್ಮಾನಿಸಿದರು. ಪ್ರತಿ ತಂಡ ಉಳಿದ ಮೂರು ತಂಡಗಳ ಜೊತೆ ಒಮ್ಮೆ ತನ್ನ ಊರಲ್ಲಿ, ಒಮ್ಮೆ ಅವರ ಊರಲ್ಲಿ ಆಡಬೇಕು. ಗೆದ್ದರೆ ಮೂರು ಅಂಕ, ಸಮವಾದರೆ ಒಂದು. ಕೊನೆಗೆ ಹೆಚ್ಚು ಅಂಕ ಯಾರದೋ ಅವರು ಚಾಂಪಿಯನ್.

ನಮ್ಮ ಕಡೆ ಗೊತ್ತಿರುವುದು ನಾಕೌಟ್. ಸೋತವರು ಮನೆಗೆ, ಗೆದ್ದವರು ಮುಂದಕ್ಕೆ, ಕೊನೆಯ ದಿನ ಶಾಮಿಯಾನ, ಗಣ್ಯರು, ಹಾರ. ಈ ಲೀಗಿನಲ್ಲಿ ಫೈನಲ್ ಎಂಬುದೇ ಇರಲಿಲ್ಲ. ಮೈಕ್‌ಸೆಟ್ಟಿನವನು ಮೇಷ್ಟ್ರನ್ನು ಕೇಳಿದ: "ಫೈನಲ್ ಯಾವಾಗ್ರಿ ಮೇಷ್ಟ್ರೇ? ನಾ ಬುಕಿಂಗ್ ತಗೋಬೇಕು."

"ಫೈನಲ್ ಇಲ್ಲಪ್ಪ. ಎಲ್ಲಾ ಮ್ಯಾಚೂ ಫೈನಲ್ಲೇ."

"ಹಂಗಾದ್ರ ಎಲ್ಲಾ ಮ್ಯಾಚಿಗೂ ಮೈಕ್ ಹಾಕ್ಲೇನ್ರಿ?"

"ಬ್ಯಾಡ."

"ಎಂಥಾ ಟೂರ್ನಮೆಂಟ್ರಿ ಇದು," ಎಂದು ಆತ ಹೊರಟುಹೋದ.

ನನ್ನ ಪಾಲಿಗೆ ಎರಡು ಕೆಲಸ ಬಂದವು. ಒಂದು, ಲೀಗಿನ ಅಂಕಪಟ್ಟಿಯನ್ನು ಪತ್ರಿಕೆಯಲ್ಲಿ ವಾರವಾರ ಕೊಡುವುದು. ಇನ್ನೊಂದು, ಅದರ ಪಕ್ಕದಲ್ಲೇ ಭಾನುವಾರ ಇಟಲಿಯ ಅತ್ಯುನ್ನತ ಲೀಗಿನ ಇತಿಹಾಸವನ್ನು ಕಂತುಕಂತಾಗಿ ಬರೆಯುವುದು. ಸುದ್ದಿ ಸಂಪಾದಕರ ಸೂಚನೆ ಚಿಕ್ಕದು: "ಕಾಲಾನುಕ್ರಮದಲ್ಲಿ ಹೋಗ್ರಿ. ಮುಂದಿನದನ್ನು ಮೊದಲೇ ಹೇಳಬ್ಯಾಡ್ರಿ. ಪ್ರತಿ ಕಂತಿಗೂ ಕೆಳಗ 'ಮುಂದುವರಿಯುವುದು' ಇರ್ಲಿ."

ಆ ಲೀಗಿನ ಹೆಸರು 'ಸೆರಿ ಆ'. ಇಲ್ಲಿನ ಹುಡುಗರು ಹೇಳುವುದು 'ಸೀರಿ ಎ'. ಮೊದಲ ಕಂತಿನ ಶೀರ್ಷಿಕೆಯಲ್ಲಿ ನಾನೂ ಹಾಗೇ ಬರೆದೆ. ಹಬ್ಬದ ಸಮಯ. ಪುಟ ಕಟ್ಟುವವನು 'ಸೀರಿ' ನೋಡಿ ಅದನ್ನು ಜವಳಿ ಅಂಗಡಿಗಳ ಜಾಹೀರಾತಿನ ನಡುವೆ ಕೂರಿಸಿಬಿಟ್ಟ. ಬೆಳಿಗ್ಗೆ ಮರಿಯಮ್ಮನಹಳ್ಳಿಯಿಂದ ಹೆಣ್ಣುಮಗಳೊಬ್ಬಳು ಫೋನ್ ಮಾಡಿ ಕೇಳಿದಳು: "ಆ ಇಟಲಿ ಸೀರಿ ಯಾವ ಅಂಗಡ್ಯಾಗ ಬಂದಾವ್ರಿ?" ಮುಂದಿನ ವಾರದಿಂದ 'ಇಟಲಿ ಲೀಗ್' ಎಂದಷ್ಟೇ ಹಾಕಿದೆ.

ಮೊದಲ ಕಂತು ಹತ್ತೊಂಬತ್ತನೆಯ ಶತಮಾನದ ಕೊನೆಯದು. ಇಟಲಿಯ ಮೊದಲ ಚಾಂಪಿಯನ್‌ಶಿಪ್ ತುರಿನ್ ನಗರದಲ್ಲಿ ಒಂದೇ ದಿನದಲ್ಲಿ ಮುಗಿದಿತ್ತು. ಆಡಿದ್ದು ನಾಲ್ಕೇ ತಂಡ. ನಮ್ಮದೂ ನಾಲ್ಕೇ ಎಂದು ಮೇಷ್ಟ್ರು ಹಿಗ್ಗಿದರು. ಎರಡನೆಯದು, ಮಹಾಯುದ್ಧ ಶುರುವಾಗಿ ಅರ್ಧಕ್ಕೆ ನಿಂತ ವರ್ಷದ್ದು. ಆ ಪ್ರಶಸ್ತಿಯನ್ನು ಆಟ ಮುಗಿಸದೆಯೇ ಯುದ್ಧದ ನಂತರ ಜಿನೋವಾದ ತಂಡಕ್ಕೆ ಕೊಟ್ಟರು. ತಮಗೂ ಪಾಲಿದೆ ಎಂದು ರೋಮ್‌ನ ತಂಡವೊಂದು ವಾದಿಸುತ್ತಲೇ ಬಂದಿದೆ. ಮೂರನೆಯದು 1927ರದು. ಗೆದ್ದವರಿಂದ ಪ್ರಶಸ್ತಿ ಕಿತ್ತುಕೊಂಡರು, ಎರಡನೆಯವರಿಗೂ ಕೊಡಲಿಲ್ಲ. ವಿಜೇತರ ಪಟ್ಟಿಯಲ್ಲಿ ಆ ವರ್ಷದ ಜಾಗ ಈಗಲೂ ಖಾಲಿ. ಎರಡನೆಯವರು ಬೊಲೋನ್ಯದವರು. ಹೀಗಾಗಿ ಆ ಕಂತಿನ ಬಗ್ಗೆ ಎಂಜಿನಿಯರ್ ಕಾರ್ಖಾನೆಯ ಕ್ಯಾಂಟೀನಿನಲ್ಲಿ ತಾಸುಗಟ್ಟಲೆ ಜಗಳವಾಡಿದರಂತೆ. ಯಾರ ಜೊತೆ ಎಂದು ಯಾರಿಗೂ ಗೊತ್ತಾಗಲಿಲ್ಲ. 1929ರಲ್ಲಿ ದೇಶಕ್ಕೆಲ್ಲ ಒಂದೇ ಗುಂಪು, ಎಲ್ಲರೂ ಎಲ್ಲರ ಜೊತೆ ಆಡಬೇಕೆಂಬ ಪದ್ಧತಿ ಬಂತು. ಈಗಿನ ಲೀಗ್ ಹುಟ್ಟಿದ್ದು ಅಲ್ಲಿಂದ.

ಇಟಾಲಿಯನ್ ಓದಲು ನನಗೆ ಬರುವುದಿಲ್ಲ. ಹಂಪಿಯಲ್ಲಿ ಒಬ್ಬ ಗೈಡ್ ಇದ್ದಾರೆ. ಹಳೆಯ ವೈಷ್ಣವ ಮನೆತನ. ತಂದೆ ದೇವಸ್ಥಾನದಲ್ಲಿ ಪೂಜೆಗಿದ್ದರು, ಇವರು ಪ್ರವಾಸಿಗರ ಹಿಂದೆ ತಿರುಗಿ ಇಟಾಲಿಯನ್ ಕಲಿತರು. ಅಲ್ಲಿನ ಪತ್ರಿಕೆಗಳ ಹಳೆಯ ಪುಟ, ನಿಯಮಾವಳಿ ಏನೇ ಸಿಕ್ಕರೂ ಅವರ ಮುಂದೆ ಹಿಡಿಯುತ್ತಿದ್ದೆ. ಅವರು ಓದಿ ಹೇಳುತ್ತಿದ್ದರು, ನಾನು ಇನ್ನೆರಡು ಕಡೆ ತಾಳೆ ನೋಡಿ ಬರೆಯುತ್ತಿದ್ದೆ.

ಅರವತ್ತರ ದಶಕದ ಕಂತಿಗೆ ಒಂದು ಪದ ಬೇಕಿತ್ತು. ಒಂದು ಗೋಲು ಹೊಡೆದು, ಇಲ್ಲವೇ ಒಂದನ್ನೂ ಹೊಡೆಯದೆ, ಎಲ್ಲರೂ ಹಿಂದೆ ಸರಿದು ಎದುರಾಳಿಗೆ ದಾರಿಯನ್ನೇ ಬಿಡದ ಆಟ. ಇಟಾಲಿಯನ್ನರು ಅದನ್ನು 'ಕತೆನಾಚ್ಚೊ' ಎನ್ನುತ್ತಾರೆ. ಗೈಡ್ ನನ್ನನ್ನು ತಳವಾರಘಟ್ಟದ ಹೆಬ್ಬಾಗಿಲಿಗೆ ಕರೆದುಕೊಂಡು ಹೋದರು. ಗೋಡೆಯ ಕಲ್ಲಿನಲ್ಲಿದ್ದ ಚೌಕದ ತೂತಿಗೆ ಕೈ ಹಾಕಿದರು.

"ಇದರೊಳಗ ಉದ್ದನ ಮರದ ತೊಲೆ ಇರ್ತಿತ್ತು. ವೈರಿ ಬಂದ್ರ ಜಾರಿಸಿ ಆ ಕಡೆ ಗೋಡೆಗೆ ಸಿಗಿಸಿಬಿಡೋದು. ಆನೆ ಬಂದು ಗುದ್ದಿದ್ರೂ ಬಾಗಲಾ ತೆಗೀತಿರ್ಲಿಲ್ಲ. ನಿಮ್ಮ ಕತೆನಾಚ್ಚೊ ಅಂದ್ರ ಇದೇ."

"ಅಗಳಿ," ಎಂದೆ.

"ಅಗಳಿ. ಬರ್ಕೋರಿ."

ಆ ಭಾನುವಾರದ ಕಂತಿನ ಶೀರ್ಷಿಕೆ 'ಅಗಳಿ ಹಾಕಿದ ಆಟ'. ಅದೇ ಸಂಜೆಯಿಂದ ನಾಲ್ಕೂ ಊರಿನ ಬಯಲುಗಳಲ್ಲಿ "ಅಗಳಿ ಹಾಕ್ರಲೇ" ಎಂಬ ಕೂಗು ಶುರುವಾಯಿತು.

ನನ್ನ ಕಂತುಗಳನ್ನು ಎಲ್ಲರಿಗಿಂತ ಗಮನವಿಟ್ಟು ಓದುತ್ತಿದ್ದವನು ಕಂಪ್ಲಿ ತಂಡದ ನಾಯಕ. ರೈಸ್‌ಮಿಲ್ ಒಂದರಲ್ಲಿ ಮೋಟಾರು ನೋಡಿಕೊಳ್ಳುವ ಕೆಲಸ. ಮೂವತ್ತು ದಾಟಿದ ವಯಸ್ಸು, ಮಾತಿನಲ್ಲಿ ಸಾವಧಾನ, ಮೈಯಲ್ಲಿ ಮಾತ್ರ ಒಂದು ಕ್ಷಣ ನಿಲ್ಲದ ಚಡಪಡಿಕೆ. ಆತನಿಗೆ ಚಾಂಪಿಯನ್ ಪಟ್ಟದ ಮೇಲೆ ಆಸೆ ಇರಲಿಲ್ಲ, ಕಂಬಗಳ ಮೇಲಿತ್ತು. ಈ ಲೀಗಿನ ಬಹುಮಾನ ಕಬ್ಬಿಣದ ಎರಡು ಜೊತೆ ಗೋಲುಕಂಬ. ಎಂಜಿನಿಯರ್ ಮುಂದೆ ನಿಂತು ಕೊಳವೆ ಕೊಯ್ಯಿಸಿ, ಬೆಸುಗೆ ಹಾಕಿಸಿ, ಬಿಳಿ ಬಣ್ಣ ಬಳಿಸಿಟ್ಟಿದ್ದರು. ಗೆದ್ದ ಊರಿನ ಬಯಲಿನಲ್ಲಿ ಅವನ್ನು ಗಣ್ಯರ ಎದುರು ಕಾಂಕ್ರೀಟ್ ಹಾಕಿ ನಿಲ್ಲಿಸುವುದೆಂದು ಮಾತಾಗಿತ್ತು.

ಕಂಪ್ಲಿಯವರು ಆಡುತ್ತಿದ್ದ ಬಯಲು ಹೆಸರಿಗೆ ಆಟದ್ದು. ಸುಗ್ಗಿ ಬಂದರೆ ಅಲ್ಲಿ ಭತ್ತ ಒಣಗಲು ಬೀಳುತ್ತದೆ. ಬಿದಿರಿನ ಗೋಲುಕಂಬಗಳನ್ನು ಕಿತ್ತು ಬದಿಗೆ ಒಗೆಯುತ್ತಾರೆ. ಕಾಲುವೆ ನೀರಿನ ಊರು, ವರ್ಷಕ್ಕೆ ಎರಡು ಬೆಳೆ. ತಂಡ ಮತ್ತೆ ಕೂಡಿಕೊಳ್ಳುವಷ್ಟರಲ್ಲಿ ಇನ್ನೊಂದು ಸುಗ್ಗಿ.

"ಸಾರ್, ಕಂಬ ನಟ್ರ ಅದು ಮೈದಾನ. ಇಲ್ಲಾಂದ್ರ ಕಣ," ಎಂದು ಆತ ಮೊದಲ ಭೇಟಿಯಲ್ಲೇ ಹೇಳಿದ್ದ. "ಎಮ್ಮೆಲ್ಲೆ ಬಂದು ನಟ್ಟ ಕಂಬ ಯಾವ ಸಾವ್ಕಾರ ಕೀಳ್ತಾನ್ರಿ?"

ಆತ ಕಂತುಗಳನ್ನು ಹೇಗೆ ಓದುತ್ತಿದ್ದ ಎಂಬುದು ನನಗೆ ತಿಳಿದದ್ದು 1949ರ ಕಂತು ಬಂದ ವಾರ. ತುರಿನ್ನಿನ ಒಂದು ತಂಡವಿದ್ದ ವಿಮಾನ ಗುಡ್ಡಕ್ಕೆ ಬಡಿದು, ಅದರಲ್ಲಿದ್ದವರೆಲ್ಲ ತೀರಿಕೊಂಡರು. ಋತುವಿನಲ್ಲಿ ಇನ್ನೂ ನಾಲ್ಕು ಪಂದ್ಯ ಬಾಕಿ ಇದ್ದವು. ಆ ತಂಡ ತನ್ನ ಕಿರಿಯರನ್ನು ಕಣಕ್ಕಿಳಿಸಿತು. ಎದುರಾಳಿಗಳೂ ತಮ್ಮ ದೊಡ್ಡ ಆಟಗಾರರನ್ನು ಹೊರಗಿಟ್ಟು ಕಿರಿಯರನ್ನೇ ಇಳಿಸಿದರು. ಇಷ್ಟೇ ಬರೆದಿದ್ದೆ. ಆ ಭಾನುವಾರ ಕಂಪ್ಲಿಗೆ ಆಡಲು ಬಂದ ಕುರೆಕುಪ್ಪದವರು ಎಂಟೇ ಜನ. ಕಾರ್ಖಾನೆಯಲ್ಲಿ ದುರಸ್ತಿ ಕೆಲಸ, ಉಳಿದವರಿಗೆ ಪಾಳಿ ಬಿಟ್ಟುಕೊಟ್ಟಿರಲಿಲ್ಲ. ಕಂಪ್ಲಿಯ ನಾಯಕ ತನ್ನ ಮೂವರನ್ನು ಹೊರಗೆ ಕೂರಿಸಿದ.

ರೆಫರಿಯಾಗಿದ್ದ ಮೇಷ್ಟ್ರು, "ಹಂಗ ರೂಲ್ಸ್ ಇಲ್ಲಪ್ಪ, ನೀ ಹನ್ನೊಂದು ಮಂದಿ ಆಡಬಹುದು," ಎಂದರು.

"ಬೆಳಿಗ್ಗಿ ಪೇಪರ್ ಓದಿಲ್ಲೇನ್ರಿ ಮೇಷ್ಟ್ರೇ?" ಎಂದ ಆತ.

ಎಂಟು ಮಂದಿಗೆ ಎಂಟು ಮಂದಿ. ಆಟ ಸಮವಾಯಿತು. ಕಂಪ್ಲಿಗೆ ಅಲ್ಲಿ ಎರಡು ಅಂಕ ಹೋಯಿತು. ವರದಿ ಬರೆಯುವಾಗ ಒಳ್ಳೆಯ ಸುದ್ದಿ ಸಿಕ್ಕಿತೆಂದು ಮೊದಲು ಅನ್ನಿಸಿತು. ಆಮೇಲೆ ಕಾರಣವಿಲ್ಲದೆ ಕುರ್ಚಿ ಬಿಟ್ಟು ಎದ್ದು ಹೊರಗೆ ಹೋಗಿ ನಿಂತೆ. ನಡೆದುಹೋದದ್ದನ್ನು ಬರೆಯುವುದು ನನ್ನ ಕೆಲಸ. ಒಬ್ಬ ಅದನ್ನು ನಡೆಯಬೇಕಾದದ್ದು ಎಂದು ಓದುತ್ತಿದ್ದ.

ಎಂಜಿನಿಯರ್ ಕೆಲಸ ಮುಗಿದು ಬೇರೊಂದು ದೇಶದ ಕಾರ್ಖಾನೆಗೆ ಹೊರಟುಹೋದರು. ಕಂಬಗಳನ್ನು ಮೇಷ್ಟ್ರ ವಶಕ್ಕೆ ಬಿಟ್ಟುಹೋದರು. ಲೀಗ್ ಕೊನೆಯ ಸುತ್ತಿಗೆ ಬಂತು. ಕಂಪ್ಲಿ ಮೊದಲನೆಯ ಸ್ಥಾನದಲ್ಲಿ, ಅದರ ಹಿಂದೆ ಎರಡು ಅಂಕ ಕಡಿಮೆ ಸಂಡೂರು. ಕೊನೆಯ ಭಾನುವಾರ ಕಂಪ್ಲಿ ಹೊಸಪೇಟೆಯಲ್ಲಿ ಹೊಸಪೇಟೆಯ ವಿರುದ್ಧ, ಸಂಡೂರು ತನ್ನ ಊರಿನಲ್ಲಿ ಕುರೆಕುಪ್ಪದ ವಿರುದ್ಧ, ಎರಡೂ ಒಂದೇ ಹೊತ್ತಿಗೆ.

ಅಂದು ಬೆಳಿಗ್ಗೆ ಬಂದ ನನ್ನ ಕಂತು ಈ ಶತಮಾನದ ಆರಂಭದ ವರ್ಷಗಳದು. ಹಗರಣಗಳು, ಮತ್ತೆ ಕಿತ್ತುಕೊಂಡ ಪ್ರಶಸ್ತಿಗಳು, ಮತ್ತೆ ಖಾಲಿ ಉಳಿದ ಒಂದು ಜಾಗ. ಕೊನೆಯ ಪ್ಯಾರಾದಲ್ಲಿ ಒಂದು ನಿಯಮದ ಸಂಗತಿ ಇತ್ತು. ಮೊದಲೆಲ್ಲ ಇಬ್ಬರು ಮೊದಲ ಸ್ಥಾನದಲ್ಲಿ ಸಮ ಅಂಕವಾದರೆ ಮತ್ತೊಂದು ಪಂದ್ಯ ಆಡಿಸುತ್ತಿದ್ದರು. 2005ರ ಋತುವಿನಿಂದ ಅದನ್ನು ಬಿಟ್ಟು, ಆ ಇಬ್ಬರ ನಡುವಿನ ಪಂದ್ಯಗಳಲ್ಲಿ ಯಾರು ಮೇಲುಗೈ ಪಡೆದಿದ್ದರೋ ಅವರೇ ಮುಂದು ಎಂದು ಮಾಡಿದರು. ಅದರ ಕೆಳಗೆ ಎಂದಿನಂತೆ 'ಮುಂದುವರಿಯುವುದು'.

ಸಂಡೂರಿನ ವಿರುದ್ಧ ಕಂಪ್ಲಿ ಒಂದನ್ನು ಗೆದ್ದಿತ್ತು, ಒಂದನ್ನು ಸಮ ಮಾಡಿತ್ತು.

ಪಂದ್ಯಕ್ಕೆ ನಾನು ಹೋಗಿದ್ದೆ. ಮೊದಲರ್ಧ ಗೋಲಿಲ್ಲ. ಕಂಪ್ಲಿಯವರು ಚೆನ್ನಾಗಿ ಆಡುತ್ತಿದ್ದರು. ಅವರ ಮುಂಚೂಣಿಯ ಹುಡುಗ ತುಂಗಭದ್ರೆಯಲ್ಲಿ ಹರಿಗೋಲು ಹಾಕಿ ಮೀನು ಹಿಡಿಯುವವನು. ಅವನನ್ನು ತಡೆಯಲು ನಮ್ಮೂರಿನ ಹಿಂಬದಿ ಆಟಗಾರರಿಂದ ಆಗುತ್ತಿರಲಿಲ್ಲ. ಎರಡನೆಯರ್ಧದಲ್ಲಿ ಅಂಚಿನಲ್ಲಿದ್ದವನೊಬ್ಬ ಫೋನ್ ಕಿವಿಗಿಟ್ಟುಕೊಂಡೇ ಕೂಗಿದ: "ಸಂಡೂರಿನೋರು ಗೋಲ್ ಹಾಕ್ಯಾರಂತಲೇ."

ನಾಯಕ ಒಂದು ಕ್ಷಣ ಸೊಂಟದ ಮೇಲೆ ಕೈಯಿಟ್ಟು ನಿಂತ. ಲೆಕ್ಕ ಹಾಕುತ್ತಿದ್ದಾನೆಂದು ಕಂಡಿತು. ಸಂಡೂರು ಗೆದ್ದು ತಾವು ಸಮ ಮಾಡಿಕೊಂಡರೆ ಇಬ್ಬರಿಗೂ ಅಂಕ ಸಮ.

"ಸಮ ಸಾಕಲೇ," ಎಂದ. "ಅಗಳಿ ಹಾಕ್ರಿ."

ಹತ್ತೂ ಮಂದಿ ಹಿಂದಕ್ಕೆ ಬಂದರು. ಹೊಸಪೇಟೆಯವರು ಗುದ್ದಿದರು, ಬಾಗಿಲು ತೆರೆಯಲಿಲ್ಲ. ಆಟ ಮುಗಿಯುವ ಹೊತ್ತಿಗೆ ಹರಿಗೋಲಿನ ಹುಡುಗನ ಕಾಲಿಗೆ ಚೆಂಡು ಸಿಕ್ಕಿತು. ಅವನ ಮುಂದೆ ಗೋಲ್‌ಕೀಪರನನ್ನು ಬಿಟ್ಟರೆ ಯಾರೂ ಇರಲಿಲ್ಲ. ಓಡಲು ಶುರುಮಾಡಿದ್ದ.

"ಹೋಗಬ್ಯಾಡಲೇ, ಹಿಂದಕ್ ಬಾ," ಎಂದು ನಾಯಕ ಕೂಗಿದ. ಹುಡುಗ ತಿರುಗಿ ನೋಡಿ, ಚೆಂಡನ್ನು ಹೊರಗೆ ಒದ್ದು, ಹಿಂದಕ್ಕೆ ಬಂದ.

ಆಟ ಮುಗಿದ ಸೀಟಿ ಕೇಳಿಸಿತು. ಕಂಪ್ಲಿಯವರು ನಾಯಕನನ್ನು ಹೆಗಲ ಮೇಲೆ ಎತ್ತಿಕೊಂಡು ಕುಣಿದರು. ನಾನು ಅಲ್ಲಿ ನಿಲ್ಲದೆ ಕಚೇರಿಗೆ ಹೊರಟೆ. ಯಾಕೆಂದರೆ ಮುಂದಿನ ಭಾನುವಾರದ ಕಂತನ್ನು ನಾನು ಆಗಲೇ ಬರೆದಿಟ್ಟಿದ್ದೆ. ಅದರ ಎರಡನೆಯ ಪ್ಯಾರಾ ಹೀಗೆ ಶುರುವಾಗುತ್ತಿತ್ತು: '2022ರ ಋತುವಿನಿಂದ ಹಳೆಯ ಪದ್ಧತಿ ಮರಳಿ ಬಂತು. ಮೊದಲ ಸ್ಥಾನದಲ್ಲಿ ಇಬ್ಬರು ಸಮವಾದರೆ ಮತ್ತೊಂದು ಪಂದ್ಯ.'

ಕಚೇರಿಗೆ ಬರುವಷ್ಟರಲ್ಲಿ ಸಂಡೂರು ಗೆದ್ದ ಸುದ್ದಿ ಬಂದಿತ್ತು, ಅವರ ತಂಡದ ಮ್ಯಾನೇಜರ್ ಫೋನಿನಲ್ಲಿದ್ದರು. ಗಣಿಯೊಂದರ ಸೂಪರ್‌ವೈಸರ್. "ಕಂಪ್ಲಿಯೋರು ಡ್ರಾ ಮಾಡಿ ಗೆದ್ದಂಗ ಕುಣ್ಯಾಕತ್ಯಾರಂತ. ಯಾವ ಲೆಕ್ಕದಾಗ್ರಿ? ನಾವು ಹೊಡದ ಗೋಲು ಜಾಸ್ತಿ ಅದಾವು. ನಮ್ ಕಡಿ ಎಲ್ಲಾ ಟೂರ್ನಮೆಂಟಿನಾಗೂ ಗೋಲ್ ಲೆಕ್ಕನ ಹಿಡಿಯೋದು."

"ಹಾಳೆಯಲ್ಲಿ ಗೋಲಿನ ಲೆಕ್ಕ ಅಂತ ಇಲ್ರಿ."

"ಮತ್ತ ಏನೈತಿ?"

"ಉಳಿದದ್ದು ಇಟಲಿಯಲ್ಲಿದ್ದಂತೆ ಅಂತ ಐತಿ."

"ಹಂಗಾದ್ರ ನೀವೇ ಹೇಳ್ರಿ," ಎಂದರು. "ಇಟಲಿ ಕಥಿ ಬರೆಯೋರು ನೀವು."

ಮೇಷ್ಟ್ರೂ ಅದನ್ನೇ ಹೇಳಿದರು. ಮರುದಿನ ಬೆಳಿಗ್ಗೆ ಅವರ ಮನೆಯ ಕಟ್ಟೆಯ ಮೇಲೆ ಕೂತಿದ್ದೆವು. ಹಾಲಿನವನು, ತರಕಾರಿಯವನು, ಯಾರು ಹಾದುಹೋದರೂ "ಯಾರ್ರಿ ಗೆದ್ದೋರು?" ಎಂದು ಕೇಳುತ್ತಿದ್ದರು. "ನಾ ಆ ಸಾಲು ಯಾಕ ಬರ್ದ್ನೆಪ್ಪ," ಎಂದರು ಮೇಷ್ಟ್ರು. "ಜಾಗ ಉಳಿದಿತ್ತು, ಬರ್ದೆ. ಈಗ ಇಟಲ್ಯಾಗ ಏನೈತೋ ನೀವು ಒಂದು ಚೀಟಿ ಬರದು ಕೊಡ್ರಿ, ನಾ ಅದನ್ನ ಓದಿಬಿಡ್ತೀನಿ."

ಬರೆದಿಟ್ಟ ಕಂತನ್ನೇ ನಕಲು ಮಾಡಿ ಕೊಡಬಹುದಿತ್ತು. ಕೊಡಲಿಲ್ಲ. ಯಾವ ವಾಕ್ಯದ ಮೇಲೆ ಒಂದು ಊರಿನ ಮೈದಾನ ನಿಂತಿದೆಯೋ ಅದನ್ನು ಮತ್ತೊಮ್ಮೆ ತಾಳೆ ನೋಡಬೇಕು. ಬಸ್ಸು ಹತ್ತಿ ಹಂಪಿಗೆ ಹೋದೆ. ಗೈಡ್ ಒಂದು ಗುಂಪನ್ನು ವಿಠ್ಠಲ ದೇವಸ್ಥಾನಕ್ಕೆ ಕರೆದೊಯ್ದಿದ್ದರು. ಕಾಯುತ್ತಾ ಕೂರಲಾಗದೆ ಹೊಳೆಯ ದಂಡೆಯಲ್ಲಿ ಅತ್ತಿಂದಿತ್ತ ಓಡಾಡಿದೆ. ಅವರು ಬಂದ ಮೇಲೆ ಲೀಗಿನ ಈಗಿನ ನಿಯಮದ ಪಠ್ಯವನ್ನು ಫೋನಿನಲ್ಲಿ ತೆಗೆದುಕೊಟ್ಟೆ. ಓದಿದರು, ಮತ್ತೆ ಓದಿದರು.

"ಮೊದಲ್ನೇ ಜಾಗಕ್ಕ ಇಬ್ಬರು ಸಮ ಆದ್ರ ಒಂದು ಪಂದ್ಯ. ಅದೂ ಸಮ ಆದ್ರ ಹೆಚ್ಚಿನ ಸಮಯ ಇಲ್ಲ, ಸೀದಾ ಪೆನಾಲ್ಟಿ. ಅನುಮಾನಾನೇ ಇಲ್ಲ. ಯಾಕ್ರಿ, ಮುಖ ಹಿಂಗ್ಯಾಕ?"

ಎಂಜಿನಿಯರಿಗೂ ಸಂದೇಶ ಕಳಿಸಿದ್ದೆ. ಮಧ್ಯಾಹ್ನ ಅವರ ದನಿ ಬಂತು, ಹಿಂದೆ ಯಂತ್ರದ ಸದ್ದು. ಮತ್ತೊಂದು ಪಂದ್ಯವಲ್ಲದೆ ಬೇರೆ ದಾರಿಯೇ ಇಲ್ಲವೆಂದರು. ಇಟಲಿಯ ಲೀಗಿನ ಇತಿಹಾಸದಲ್ಲೇ ಪ್ರಶಸ್ತಿ ಹಾಗೆ ತೀರ್ಮಾನವಾಗಿದ್ದು ಒಂದೇ ಸಲ, 1964ರಲ್ಲಿ, ರೋಮ್‌ನಲ್ಲಿ. ಗೆದ್ದದ್ದು ಬೊಲೋನ್ಯ. ತಂಡದ ಅಧ್ಯಕ್ಷರು ಪಂದ್ಯಕ್ಕೆ ನಾಲ್ಕು ದಿನ ಮೊದಲು ತೀರಿಕೊಂಡಿದ್ದರು. ಇದನ್ನು ಹೇಳುವಾಗ ಅವರ ದನಿ ಸಣ್ಣಗಾಯಿತು. ಸಂದೇಶದ ಕೊನೆಯಲ್ಲಿ ಕಂಪ್ಲಿಯವರಿಗೆ ನಮಸ್ಕಾರ ತಿಳಿಸಲು ಹೇಳಿದ್ದರು.

ಕಚೇರಿಗೆ ಮರಳಿದರೆ ಕಂಪ್ಲಿಯ ನಾಯಕ ಬಾಗಿಲಲ್ಲೇ ನಿಂತಿದ್ದ. ಕೈಯಲ್ಲಿ ಭಾನುವಾರದ ಪತ್ರಿಕೆ, ನನ್ನ ಕಂತು ಮೇಲೆ ಕಾಣುವಂತೆ ಮಡಚಿದ್ದು.

"ಕುಂದ್ರಿ," ಎಂದೆ.

"ನಿಂತೇ ಇರ್ತೀನ್ರಿ. ಸಾರ್, ಇದು ನೀವು ಬರ್ದಿದ್ದಲ್ಲ? 'ಅವರೇ ಮುಂದು' ಅಂತ?"

"ನಾನೇ."

"ಸುಳ್ಳೇನ್ರಿ?"

"ಸುಳ್ಳಲ್ಲ. ಆಗ ಹಂಗಿತ್ತು. ಆಮೇಲೆ ಬದಲಾತು. ಅದು ಮುಂದಿನ ಕಂತಿನಾಗೈತಿ."

ಆತ ಪತ್ರಿಕೆಯನ್ನು ಇನ್ನೊಂದು ಮಡಿಕೆ ಮಡಚಿದ. "ಮುಂದಿನ ಕಂತು ಹೊರಗ ಬಂದಿಲ್ಲಲ್ರಿ ಇನ್ನೂ."

"ಇಲ್ಲ."

"ಮ್ಯಾಚ್ ದಿನ ನಮಗ ಗೊತ್ತಿದ್ದ ಇಟಲಿ ಇಷ್ಟೇ. ಆ ಹುಡುಗನ್ನ ನಾ ಹಿಂದಕ್ ಕರದೆ ಸಾರ್. ಗೋಲು ಅವನ ಕಾಲಾಗಿತ್ತು. ನಿಮ್ಮ ಪೇಪರ್ ನಂಬಿ ಕರದೆ." ದನಿ ಏರಲಿಲ್ಲ. "ಇನ್ನೊಂದು ಮಾತು. ಮೇಷ್ಟ್ರು ಬರದದ್ದು 'ಇಟಲಿಯಲ್ಲಿ ಇರುವಂತೆ' ಅಂತಲ್ಲ. 'ಇದ್ದಂತೆ' ಅಂತ. ಇದ್ದಂತೆ ಅಂದ್ರ ಹಿಂದ ಇದ್ದಂಗ ಅಂತಲ್ಲೇನ್ರಿ? ಕನ್ನಡ ನಿಮಗೇ ಚಲೋ ಗೊತ್ತು."

'ಇದ್ದಂತೆ'ಗೆ ಕಾಲವಿಲ್ಲ, ಎರಡೂ ಅರ್ಥಕ್ಕೆ ಬಗ್ಗುತ್ತದೆ. ಉಪಸಂಪಾದಕನಾದವನು ಅದನ್ನು ಭೂತಕಾಲಕ್ಕೆ ಬಗ್ಗಿಸಿ ಒಂದು ಚೀಟಿ ಬರೆದರೆ ಪ್ರಶ್ನಿಸುವವರು ಈ ತಾಲ್ಲೂಕುಗಳಲ್ಲಿ ಯಾರೂ ಇರಲಿಲ್ಲ.

"ಒಂದು ವಾರ," ಎಂದ ಆತ. "ಮುಂದಿನ ಕಂತು ಒಂದೇ ವಾರ ತಡ ಮಾಡ್ರಿ. ಅಷ್ಟರಾಗ ಕಂಬ ನಟ್ಟು ಬಿಡ್ತೀವಿ. ನಟ್ಟ ಮ್ಯಾಲ ಇಟಲ್ಯಾಗ ಏನಾರ ಆಗ್ಲಿ. ಭತ್ತ ಕೊಯ್ಯಾಕತ್ಯಾರ ಸಾರ್, ಹತ್ತು ಹದಿನೈದು ದಿನದಾಗ ಬಯಲು ತುಂಬತೈತಿ."

ಆತ ಹೋದ ಮೇಲೆ ಸುದ್ದಿ ಸಂಪಾದಕರು ಕರೆದರು. ವಿಷಯ ಅವರ ಕಿವಿಗೂ ಬಿದ್ದಿತ್ತು. "ಈ ಭಾನುವಾರ ಇಟಲಿ ಬ್ಯಾಡ್ರಿ. ಎರಡೂ ಊರಾಗ ನಮ್ಮ ಓದುಗರದಾರ. ಗಲಾಟೆ ತಣ್ಣಗಾದ ಮ್ಯಾಲೆ ಹಾಕೋಣ. ಆ ಜಾಗಕ್ಕ ಬೇರೇನಾರ ತುಂಬ್ರಿ."

ಇಬ್ಬರೂ ಕೇಳಿದ್ದು ಒಂದನ್ನೇ. ಸುಳ್ಳು ಬರೆ ಎಂದು ಯಾರೂ ಹೇಳಲಿಲ್ಲ. ತಡ ಮಾಡು ಎಂದರು, ಅಷ್ಟೇ. ಪತ್ರಿಕೆಯ ಕೆಲಸದಲ್ಲಿ ತಡ ಮಾಡುವುದು ತಪ್ಪೆಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ಆ ದಿನ ನಾನು ಮುಟ್ಟಿದ ಯಾವ ಕೆಲಸವೂ ನೆಟ್ಟಗಾಗಲಿಲ್ಲ. ಅಣೆಕಟ್ಟಿನ ನೀರಿನ ಮಟ್ಟದ ಸುದ್ದಿಗೆ ಇಳಿಕೆಯ ಬದಲು ಏರಿಕೆ ಎಂದು ತಲೆಬರಹ ಕೊಟ್ಟು, ಪುಟ ಹೋಗುವ ಮೊದಲು ತಿದ್ದಿದೆ. ಚಹಾ ತರಿಸಿ ಕುಡಿಯಲು ಮರೆತೆ.

ಕೊನೆಗೆ ಒಂದು ಹಾಳೆಯಲ್ಲಿ ಮೂರು ಕಾಲವನ್ನು ಬರೆದು ನೋಡಿದೆ. ಮೊದಲು: ಮತ್ತೊಂದು ಪಂದ್ಯ. ನಡುವೆ ಒಂದಷ್ಟು ವರ್ಷ: ಪರಸ್ಪರ ಪಂದ್ಯಗಳ ಲೆಕ್ಕ. ಈಗ: ಮತ್ತೊಂದು ಪಂದ್ಯ. 'ಇದ್ದಂತೆ' ಎಂಬುದನ್ನು ಹಿಂದಿನದೆಂದು ಓದಿದರೂ ಯಾವ ಹಿಂದು? ನಾಯಕನ ವಾದ ನಿಲ್ಲಬೇಕಾದರೆ ಇತಿಹಾಸವನ್ನು ನಡುವಿನಲ್ಲಿ ನಿಲ್ಲಿಸಬೇಕು. ನನ್ನ ಕಂತು ಅದೇ ಜಾಗದಲ್ಲಿ ನಿಂತದ್ದು ಭಾನುವಾರದ ಆಕಸ್ಮಿಕ. ಅದನ್ನು ಇನ್ನೊಂದು ವಾರ ಅಲ್ಲೇ ನಿಲ್ಲಿಸಿದರೆ ಆಕಸ್ಮಿಕವಾಗಿ ಉಳಿಯುವುದಿಲ್ಲ.

ಮೇಷ್ಟ್ರಿಗೆ ಚೀಟಿ ಬರೆದುಕೊಟ್ಟೆ: 'ಈಗ ಇಟಲಿಯಲ್ಲಿ ಇರುವುದು ಮತ್ತೊಂದು ಪಂದ್ಯದ ನಿಯಮ.' ಸುದ್ದಿ ಸಂಪಾದಕರಿಗೆ ಹೇಳಿದೆ, ಕಂತು ಈ ಭಾನುವಾರವೇ ಹೋಗಲಿ, ಇಲ್ಲದಿದ್ದರೆ ಮುಂದಿನದನ್ನು ನಾನು ಬರೆಯುವುದಿಲ್ಲ. ಅವರು ಕನ್ನಡಕ ತೆಗೆದು ನೋಡಿದರು. "ಫುಟ್‌ಬಾಲ್ ಸಲುವಾಗಿ ಇಷ್ಟು ಹಟ?" ಎಂದರು. ಬೇಡವೆನ್ನಲಿಲ್ಲ.

ನಾಯಕನಿಗೆ ನಾನೇ ಫೋನ್ ಮಾಡಿ ತಿಳಿಸಿದೆ. ಮಿಲ್ಲಿನ ಸದ್ದಿನಲ್ಲಿ ಎರಡು ಸಲ ಹೇಳಬೇಕಾಯಿತು. "ಆತು ಬಿಡ್ರಿ," ಎಂದ. ಆಮೇಲೆ ಕೇಳಿದ: "ಇನ್ನು ಮುಂದ ಎಷ್ಟು ಕಂತು ಅದಾವ್ರಿ?"

"ಇದಾದ ಮೇಲೆ ಒಂದು."

"ಅದರಾಗ ಏನೈತಿ ಅಂತ ಈಗೇ ಹೇಳಿಬಿಡ್ರಿ."

ಪಂದ್ಯ ಆ ಭಾನುವಾರ ಮರಿಯಮ್ಮನಹಳ್ಳಿಯಲ್ಲಿ, ಯಾರ ಊರೂ ಅಲ್ಲದ ಕಡೆ. ಹೆದ್ದಾರಿಯ ಪಕ್ಕದ ಬಯಲು. ಅದಿರಿನ ಲಾರಿಗಳು ಹೋದಾಗಲೆಲ್ಲ ಕೆಂಪು ಧೂಳು ಎದ್ದು ಒಂದು ಕಡೆಯ ಗೋಲು ಕಾಣಿಸುತ್ತಿರಲಿಲ್ಲ. ಈ ಸಲ ಮೈಕ್‌ಸೆಟ್ಟಿನವನು ಬಂದಿದ್ದ. "ಇದಕ್ಕ ಫೈನಲ್ ಅನ್ನಬಹುದಲ್ರಿ?" ಎಂದು ಮೇಷ್ಟ್ರನ್ನು ಕೇಳಿ, ಒಪ್ಪಿಗೆ ಪಡೆದು, ಆಟ ಮುಗಿಯುವವರೆಗೂ ಫೈನಲ್ ಫೈನಲ್ ಎಂದು ಕೂಗಿದ.

ಕಂಪ್ಲಿಯವರು ಅಗಳಿ ಹಾಕಲಿಲ್ಲ. ಮೊದಲ ನಿಮಿಷದಿಂದಲೇ ಬಾಗಿಲು ತೆರೆದಿಟ್ಟು ಆಡಿದರು. ಹರಿಗೋಲಿನ ಹುಡುಗ ಗೋಲು ಹೊಡೆದ. ಓಡುವಾಗ ಒಮ್ಮೆಯೂ ಹಿಂದೆ ನೋಡಲಿಲ್ಲ. ಸಂಡೂರಿನವರು ಎರಡನೆಯರ್ಧದಲ್ಲಿ ತಿರುಗಿ ಹೊಡೆದರು. ಒಂದಕ್ಕೊಂದು. ಹೆಚ್ಚಿನ ಸಮಯವಿಲ್ಲ, ಸೀದಾ ಪೆನಾಲ್ಟಿ. ಅದನ್ನೂ ನಾನೇ ಮೇಷ್ಟ್ರಿಗೆ ತಿಳಿಸಿದ್ದೆ. ಕಂಪ್ಲಿಯ ಕೊನೆಯ ಒದೆತ ನಾಯಕನದು. ಅದನ್ನು ಸಂಡೂರಿನ ಗೋಲ್‌ಕೀಪರ್ ಎಡಕ್ಕೆ ಬಿದ್ದು ತಡೆದ. ನಾಯಕ ಅವನನ್ನು ಎತ್ತಿ ನಿಲ್ಲಿಸಿ, ಬೆನ್ನಿಗಂಟಿದ ಧೂಳು ಕೊಡವಿ, ಅಂಚಿಗೆ ಬಂದು ಶೂ ಬಿಚ್ಚಿದ. ನನ್ನ ಕಡೆ ನೋಡಿ ತಲೆಯಾಡಿಸಿದ.

ಸಂಡೂರಿನಲ್ಲಿ ಕಂಬ ನೆಡುವ ದಿನ ಫೋಟೋಗ್ರಾಫರನ್ನು ಕಳಿಸಿದೆ. ನಾನು ಹೋಗಲಿಲ್ಲ.

ಕಂಪ್ಲಿಗೆ ಹೋದದ್ದು ಅದೇ ವಾರದ ಕೊನೆಗೆ, ಭತ್ತದ ದರದ ಸುದ್ದಿಗೆ. ಮುಗಿಸಿಕೊಂಡು ಬಯಲಿನ ಕಡೆ ನಡೆದೆ. ಭತ್ತ ಬಂದಿತ್ತು. ಈ ತುದಿಯಿಂದ ಹಳದಿ ಹಾಸು. ಹೆಂಗಸರು ಸಾಲು ಹಿಡಿದು ಕಾಲಿನಿಂದ ಕಾಳು ತಿರುವುತ್ತಿದ್ದರು. ಈ ಕಡೆಯ ಬಿದಿರುಗಳನ್ನು ಕಿತ್ತು ಬದಿಗೆ ಒಗೆದಿದ್ದರು. ಆದರೆ ಆ ತುದಿಯ ಗೋಲು ಹಾಗೇ ನಿಂತಿತ್ತು. ಎರಡು ಬಿದಿರು, ಮೇಲೊಂದು ಅಡ್ಡ. ಭತ್ತದ ಹಾಸು ಅದರ ಮುಂದೆ ಪೆನಾಲ್ಟಿ ಒದೆಯುವಷ್ಟು ಜಾಗ ಬಿಟ್ಟು ನಿಂತಿತ್ತು. ಹರಿಗೋಲಿನ ಹುಡುಗ ಅಲ್ಲಿ ಒಬ್ಬನೇ ಚೆಂಡು ಒದೆಯುತ್ತಿದ್ದ.

ನಾಯಕ ಮಿಲ್ಲಿನ ಬಾಗಿಲಿನಿಂದ ನನ್ನನ್ನು ನೋಡಿ ಬಂದ. ಮೈಯೆಲ್ಲ ತೌಡು.

"ಒಂದು ಗೋಲು ಬಿಟ್ಟಾರಲ್ಲ," ಎಂದೆ.

"ಮಿಲ್ಲಿನ ಸಾವ್ಕಾರ್ ಕೇಳಿದ್ರು, ಇದ್ಯಾಕ ಕಿತ್ತಿಲ್ಲಲೇ ಅಂತ. ಪೇಪರಿನಾಗ ಇಟಲಿದು ಇನ್ನೂ ನಡದೈತ್ರಿ, ಅದು ಮುಗಿಯೋತನ ಯಾವ ರೂಲ್ಸ್ ಉಳೀತೈತೋ ಯಾವುದು ಹೋಗತೈತೋ ಹೇಳಾಕ ಬರಲ್ಲ ಅಂದೆ. ಅವರೂ ಓದ್ತಾರ್ರಿ, ವಾರವಾರ. ನಕ್ಕರು. ಆತು, ಅದು ಮುಗಿಯೋತನ ಒಂದು ಇಟ್ಕಾ ಅಂದ್ರು." ತೋಳಿನ ತೌಡು ಒರೆಸಿಕೊಂಡ. "ಕೊನೇದು ಯಾವಾಗ್ರಿ ಸಾರ್?"

"ಈ ಭಾನುವಾರ."

ಆತ ತಲೆಯಾಡಿಸಿದ. ಈ ಸಲ ತಡ ಮಾಡಿ ಎಂದು ಕೇಳಲಿಲ್ಲ.

ಕೊನೆಯ ಕಂತು ಭಾನುವಾರವೇ ಹೋಯಿತು. ಪುಟ ಕಟ್ಟುವವನು ರೂಢಿಯಂತೆ ಕೊನೆಯ ಸಾಲಿನ ಕೆಳಗೆ 'ಮುಗಿಯಿತು' ಎಂದು ಹಾಕಿದ್ದ. ಅದನ್ನು ತೆಗೆಸಿದೆ. ಯಾಕೆ ಎಂದು ಆತ ಕೇಳಿದ. ಇಟಲಿಯಲ್ಲಿ ಈ ಭಾನುವಾರವೂ ಆಟ ಇದೆ ಎಂದೆ. ತಾಳೆ ನೋಡಿಯೇ ಹೇಳಿದ್ದು.